ಕಾರಿಗೆ ಇಟ್ಟ ಕಡಬು

ಉಡಚವ್ವನ ಮನೆಯಲ್ಲಿ ದುಡಿಯುವ ಯಾವ ವಸ್ತುವೂ ಅಮಾವಾಸ್ಯೆಯ ದಿನ ಉಪವಾಸ ಇರುವಂತಿರಲಿಲ್ಲ. ಎತ್ತಿಗೆ ಎಡೆ, ಕೂರಿಗೆಗೆ ಎಡೆ, ಬೀಸುಕಲ್ಲಿಗೆ ಎಡೆ. ನೀರೆತ್ತುವ ಮೋಟಾರು ಸುಟ್ಟು ಮೂಲೆ ಸೇರಿ ಆರು ವರ್ಷವಾಗಿತ್ತು, ಅದಕ್ಕೂ ಎಡೆ. "ದುಡದದ್ದಕ್ಕ ಉಣ್ಣಾಕ ಇಡದವರು ಉದ್ಧಾರ ಆಗೂದಿಲ್ಲ" ಎನ್ನುವುದು ಅವಳ ಮಾತು. ಸವಡಿ ಊರಿನ ಆ ಓಣಿಯಲ್ಲಿ ಎಪ್ಪತ್ತು ದಾಟಿದ ಉಡಚವ್ವನ ಮಾತಿಗೆ ಎದುರಾಡುವವರು ಇರಲಿಲ್ಲ. ಮನೆಯ ಕೀಲಿಗೊಂಚಲು ಅವಳ ಸೊಂಟದಲ್ಲಿತ್ತು. ಮಗ ಹಾಲಸಿದ್ದಪ್ಪ ಐವತ್ತರ ಹತ್ತಿರ ಬಂದಿದ್ದರೂ ಕಣಜದ ಬಾಗಿಲು ತೆಗೆಯಬೇಕಾದರೆ ಅವ್ವನನ್ನೇ ಕೇಳಬೇಕಿತ್ತು.

ಇಂಥ ಮನೆಗೆ ದಸರೆಯ ಹೊತ್ತಿಗೆ ಕಾರು ಬಂತು! ಹುಬ್ಬಳ್ಳಿಯಿಂದ ತಂದ, ಯಾರೋ ಓಡಿಸಿ ಬಿಟ್ಟ ಏಳು ಸೀಟಿನ ಬಿಳಿ ಕಾರು. ಓಣಿಯ ತಿರುವಿನಲ್ಲಿ ಅದರ ಹಾರ್ನು ಕೇಳಿದ್ದೇ ತಡ, ಉಡಚವ್ವ ಕೈಯಲ್ಲಿದ್ದ ಮೊರ ಬಿಟ್ಟು ಓಡಿದಳು. ಸ್ಟೇರಿಂಗಿನ ಮುಂದೆ ಕುಳಿತಿದ್ದವಳು ಮೊಮ್ಮಗಳು ದೇವಿಕಾ. ಬಿ.ಎ. ಮುಗಿಸಿದವಳು, ರೋಣಕ್ಕೆ ಹೋಗಿ ಗಾಡಿ ಕಲಿತು ಲೈಸೆನ್ಸ್ ತಂದಿದ್ದಳು. ಈಗ ಊರಿನ ಐದು ಹುಡುಗಿಯರನ್ನು ದಿನಾ ಗಜೇಂದ್ರಗಡದ ನರ್ಸಿಂಗ್ ಕಾಲೇಜಿಗೆ ಬಿಟ್ಟು ಕರೆತರುವ ಕೆಲಸ ಹಿಡಿದಿದ್ದಳು. ಬಸ್ಸಿನ ನೂಕುನುಗ್ಗಲಿಗೆ ಬೇಸತ್ತು ಆ ಹುಡುಗಿಯರ ಮನೆಯವರು ಓದು ಬಿಡಿಸುವ ಮಾತಾಡುತ್ತಿದ್ದರು. "ಹೆಣ್ಮಗಳು ಗಾಡಿ ಹೊಡಿತಾಳಂದ್ರ ಕಳಸ್ತೀವಿ, ಗಂಡಸ ಡ್ರೈವರ್ ಆದ್ರ ಬ್ಯಾಡ" ಎಂದು ಐದೂ ಮನೆಯವರು ಒಂದೇ ಮಾತು ಹೇಳಿದ್ದರು.

"ಅಯ್ಯ ಶಿವನ! ನನ್ನ ಕೂಸು ಇಷ್ಟ ದೊಡ್ಡ ಗಾಡಿ ಹೊಡ್ಕೊಂಡ ಬಂತಲ್ಲ!" ಎಂದು ಉಡಚವ್ವ ಕಾರಿಗೂ ದೇವಿಕಾಳಿಗೂ ಸೇರಿಸಿಯೇ ನಿವಾಳಿಸಿ ನೆಟಿಕೆ ಮುರಿದಳು. ಆಮೇಲೆ ಕಾರನ್ನು ಒಂದು ಸುತ್ತು ಸುತ್ತಿ ಕೇಳಿದಳು, "ದೇವಿ, ಇದರ ಹೊಟ್ಟಿ ಎಲ್ಲಿ ಐತಿ?"

ದೇವಿಕಾ ಬಿದ್ದು ಬಿದ್ದು ನಕ್ಕಳು. ಸ್ಟೇರಿಂಗಿನ ಕೆಳಗಿನ ಹಿಡಿಕೆ ಜಗ್ಗಿ, ಮುಂದೆ ಬಂದು ಬಾನೆಟ್ ಎತ್ತಿ, ಅದಕ್ಕೊಂದು ಕಬ್ಬಿಣದ ಸಳಿ ಊರಿ ತೋರಿಸಿದಳು. "ಇದ ನೋಡ ಆಯಿ ಹೊಟ್ಟಿ. ಇದು ಇಂಜಿನ್ನು, ಇದು ಬ್ಯಾಟರಿ, ಇವೆಲ್ಲಾ ನರ ಇದ್ದಂಗ, ವಾಯರ್ರು."

ಮೊಮ್ಮಗಳು ತಮಾಷೆಗೆ ಹೇಳಿದ್ದು ಅಜ್ಜಿಯ ತಲೆಯಲ್ಲಿ ಭದ್ರವಾಗಿ ಕೂತುಬಿಟ್ಟಿತು.

ದೀವಳಿಗೆ ಅಮಾವಾಸ್ಯೆಯ ಸಂಜೆ ಎಲ್ಲರೂ ದನದ ಹಟ್ಟಿಯ ಹತ್ತಿರ ಪೂಜೆಯ ಗದ್ದಲದಲ್ಲಿದ್ದರು. ಉಡಚವ್ವ ಸೆರಗಿನಡಿ ಮುತ್ತುಗದ ಎಲೆ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಎಲೆಯಲ್ಲಿ ಎರಡು ಕಡಬು, ಒಂದು ಚೂರು ಕೊಬ್ಬರಿ, ಮೇಲೆ ಅರಿಷಿಣ ಕುಂಕುಮ. ಮನೆಯಂಗಳದಲ್ಲಿ ನಿಂತ ಗಾಡಿಗೆ ಯಾರು ಕೀಲಿ ಹಾಕುತ್ತಾರೆ? ಹಿಡಿಕೆ ಜಗ್ಗಿದಳು, ಟಕ್ ಎಂದಿತು. ಚೀಲ ಎತ್ತಿ ಪಳಗಿದ ಕೈಗೆ ಬಾನೆಟ್ ಯಾವ ಲೆಕ್ಕ! ಬ್ಯಾಟರಿಯ ಹಿಂದಿನ ಸಂದಿಯಲ್ಲಿ ಎಲೆ ಇಟ್ಟು ಕೈ ಮುಗಿದು, "ನನ್ನ ಕೂಸಿನ್ನ ಸುಖರೂಪ ಒಯ್ದು ಸುಖರೂಪ ತಾರಪ್ಪಾ" ಎಂದಳು. ಯಾರಿಗೂ ಹೇಳಲಿಲ್ಲ. ಹರಕೆಯ ಎಡೆಯನ್ನು ಹೇಳಿಕೊಂಡರೆ ಫಲವಿಲ್ಲ ಎಂದು ಅವಳ ಅತ್ತೆ ಹೇಳಿದ್ದಳು.

ಮರುದಿನ ನಸುಕಿನಲ್ಲಿ ಬಾನೆಟ್ ಎತ್ತಿ ನೋಡುತ್ತಾಳೆ, ಎಲೆ ಖಾಲಿ! ಕಡಬಿಲ್ಲ, ಕೊಬ್ಬರಿ ಇಲ್ಲ, ಎಲೆಯ ಅಂಚೂ ಒಂದಿಷ್ಟು ಇಲ್ಲ. ಇಷ್ಟು ವರ್ಷ ಎತ್ತು ಬಿಟ್ಟರೆ ಇಟ್ಟ ಎಡೆಯನ್ನು ಯಾವುದೂ ಮುಟ್ಟಿರಲಿಲ್ಲ. ಕೂರಿಗೆ ತಿಂದಿರಲಿಲ್ಲ, ಬೀಸುಕಲ್ಲು ತಿಂದಿರಲಿಲ್ಲ. ಗಾಡಿ ಉಂಡಿತ್ತು! ಅವಳು ಆ ದಿನವೆಲ್ಲ ನೆಲದ ಮೇಲೆ ಕಾಲೂರಲಿಲ್ಲ. ಸೊಸೆ ಕವಿತಾ, "ಏನ್ರೀ ಅತ್ತಿ, ಭಾಳ ಖುಷಿಲೆ ಅದೀರಿ" ಎಂದು ಕೇಳಿದರೆ ಬಾಯಿ ಬಿಗಿಹಿಡಿದು ನಕ್ಕಳು.

ಮೂರನೆಯ ದಿನ ಕಾರಿನ ಹಾರ್ನೂ ಹೋಯಿತು, ಒಂದು ಕಣ್ಣಿನ ದೀಪವೂ ಹೋಯಿತು.

ರೋಣದ ಮೆಕ್ಯಾನಿಕ್ ರಮಜಾನಸಾಬನಿಗೆ ತೋರಿಸಿದ್ದಾಯಿತು. ಅವನು ಈ ಮನೆಗೆ ಹೊಸಬನಲ್ಲ. ಹಾಲಸಿದ್ದಪ್ಪನ ಹಳೆಯ ಮೋಟಾರ್‌ಸೈಕಲ್ಲಿನ ಕಾಲದಿಂದ ಬಂದು ಹೋಗುವವನು, ಹಬ್ಬದಲ್ಲಿ ಉಡಚವ್ವನ ಕೈಯ ಕಡಬು ತಿಂದವನು. "ಇಲಿ ಕಡದಾವು" ಎಂದು ಅವನು ಹೇಳಿ ಕಳಿಸಿದ್ದ. ವಾಯರ್ ಕೂಡಿಸಿ, ನಾಲ್ಕು ಡಾಂಬರ ಗುಳಿಗೆ ಕೊಟ್ಟು, ಆ ವಾಸನೆಗೆ ಇಲಿ ಬರುವುದಿಲ್ಲ ಎಂದು ಬಾನೆಟ್ ಒಳಗೆ ಇಡಲು ಹೇಳಿದ್ದ. ದೇವಿಕಾ ಕಾರನ್ನು ಗೋವಿನಜೋಳದ ಚೀಲಗಳ ಪಕ್ಕದಿಂದ ತೆಗೆದು ಬಯಲಲ್ಲಿ ನಿಲ್ಲಿಸತೊಡಗಿದಳು. ಗುಳಿಗೆಗಳನ್ನು ಅರಿವೆಯಲ್ಲಿ ಕಟ್ಟಿ ಒಳಗೆ ತೂಗುಬಿಟ್ಟಳು.

ಉಡಚವ್ವನಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. "ಇಲಿ ಕಾಳ ತಿಂತಾವು, ರೊಟ್ಟಿ ತಿಂತಾವು. ವಾಯರ್ ತಿಂದು ಅವಕ್ಕ ಏನ ರುಚಿ? ಗುಡ್ಡ ಅಗದು ಇಲಿ ಹಿಡದಂಗ ಆತು ಆ ಸಾಬನ ಮಾತು" ಎಂದಳು. ಕಟ್ಟೆಯ ಮೇಲೆ ಹತ್ತಿ ಬಿಡಿಸುತ್ತ ಕುಳಿತಿದ್ದ ನೆರೆಮನೆಯ ಕಳಕವ್ವ, "ಮತ್ತೇನ ಇರಬೇಕ ಬೇ?" ಎಂದು ಕೇಳಿದಳು. ಉಡಚವ್ವ ಅಷ್ಟೇನೂ ಯೋಚಿಸಲಿಲ್ಲ. "ಹೆಣ್ಣಿನ ಕೈ ಕಬ್ಬಿಣಕ್ಕ ಆಗಿಬರೂದಿಲ್ಲೋ ಏನೋ" ಎಂದುಬಿಟ್ಟಳು. ಹೀಗೆ ಅಂದದ್ದನ್ನು ರಾತ್ರಿ ಊಟದ ಹೊತ್ತಿಗೆ ತಾನೇ ಮರೆತಳು. ಕಳಕವ್ವ ಮರೆಯಲಿಲ್ಲ. ಬಾಯಿಂದ ಹೊರಬಿದ್ದ ಮಾತು, ಕೊಡದಿಂದ ಚೆಲ್ಲಿದ ನೀರು. ವಾರದೊಳಗೆ ಆ ಮಾತು ಊರೆಲ್ಲ ತಿರುಗಿತು.

ತಿಂಗಳು ಕಳೆದು ಛಟ್ಟಿ ಅಮಾವಾಸ್ಯೆ ಬಂತು. ಗಾಡಿಗೆ ಏನೋ ಮುನಿಸು ಬಂದಿದೆ ಎಂದುಕೊಂಡ ಉಡಚವ್ವ ಈ ಸಲ ನಾಲ್ಕು ಕಡಬು ಇಟ್ಟಳು. ಬಾನೆಟ್ ಎತ್ತಿದರೆ ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. "ಛೀ, ಉಣ್ಣೂ ಜಾಗಾದಾಗ ಇಂಥಾ ನಾತ! ದೇವರು ಮುನಿಯದs ಏನ ಮಾಡ್ತಾನ" ಎಂದು ಆ ಗಂಟನ್ನು ಕಿತ್ತು ತಿಪ್ಪೆಗೆ ಒಗೆದಳು. ಬೆಳಗ್ಗೆ ನೋಡಿದರೆ ನಾಲ್ಕಕ್ಕೆ ನಾಲ್ಕೂ ಖಾಲಿ! ಅವಳ ಭಕ್ತಿ ಇಮ್ಮಡಿಯಾಯಿತು. ಅಂದಿನಿಂದ ಸೋಮವಾರಕ್ಕೊಮ್ಮೆ ಒಂದು ತುಂಡು ಬೆಲ್ಲ, ಗುರುವಾರಕ್ಕೊಮ್ಮೆ ಹಿಡಿ ಹುರಿಗಡಲೆ ಪುಟಾಣಿ. ಗಾಡಿ ಎಲ್ಲವನ್ನೂ ತಿಂದಿತು.

ಆ ಬೆಲ್ಲ, ಆ ಪುಟಾಣಿ ತಿಂದ ಗಾಡಿ ಒಂದು ಶುಕ್ರವಾರ ರೋಣದ ದಾರಿಯಲ್ಲಿ ನಟ್ಟನಡುವೆ ನಿಂತುಬಿಟ್ಟಿತು. ಐದು ಹುಡುಗಿಯರು ಬಿಸಿಲಲ್ಲಿ ಎರಡು ಮೈಲು ನಡೆದರು. ಅವರಲ್ಲಿ ಜಹೀದಾ ಎಂಬವಳ ತಂದೆ ಸಂಜೆ ಮನೆಗೆ ಬಂದು, ಸಿಟ್ಟು ಮಾಡದೆಯೇ, "ನೋಡ್ರಿ ಹಾಲಸಿದ್ದಪ್ಪ, ನಮ್ಮ ಹುಡುಗಿ ಓದಬೇಕಂತ ಆಸೆ ಐತಿ. ಆದ್ರ ಹಿಂಗ ಹಾದ್ಯಾಗ ನಿಂತ್ರ ಹ್ಯಾಂಗ್ರಿ?" ಎಂದು ಹೇಳಿ ಹೋದ.

ಆ ರಾತ್ರಿಯ ಊಟದಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಹಾಲಸಿದ್ದಪ್ಪ ಕೈ ತೊಳೆದು ಬಂದು ಕುಳಿತ. ಮಗಳ ಮೇಲೆ ಪ್ರೀತಿಯಿಲ್ಲದವನಲ್ಲ. ಆದರೆ ಊರ ಬಾಯಿಗೆ ಹೆದರುವವನು.

"ದೇವಿ, ಮಂದಿ ಏನೇನರ ಅನ್ನಾಕತ್ತಾರ. ಇನ್ನೊಂದ ಸಲ ಗಾಡಿ ನಿಂತ್ರ ಕೀಲಿ ಉಮೇಶಗ ಕೊಡ್ತೀನಿ. ಅವಾ ಲಾರಿ ಹೊಡದವಾ, ಗಾಡಿ ಗುಣ ಬಲ್ಲಾಂವ."

ಉಮೇಶ ಹಾಲಸಿದ್ದಪ್ಪನ ಅಕ್ಕನ ಮಗ. ಅಲ್ಲೇ ಕಂಬಕ್ಕೆ ಒರಗಿ ಕುಳಿತಿದ್ದ. "ನಾ ಏನ ಕೇಳಿಲ್ಲ ಮಾಮಾ," ಎಂದ. "ಆದ್ರ ಸುಳ್ಳ ಯಾಕ ಹೇಳಲಿ? ತಿಂಗಳಗಟ್ಟಲೆ ಲಾರಿ ಮ್ಯಾಲ ಇದ್ದು ಸಾಕಾಗೇತಿ. ಊರಾಗ ಕೆಲಸ ಸಿಕ್ರ ನನಗೂ ಚಲೋನ."

"ಅಪ್ಪಾ, ಉಮೇಶ ಮಾಮಾ ಹೊಡದ್ರ ಒಂದ ಹುಡುಗಿನೂ ಬರೂದಿಲ್ಲ. ಐದು ಮಂದಿ ಓದು ನಿಂತಹೋಕ್ಕೈತಿ," ದೇವಿಕಾ ಕಣ್ಣೊರೆಸಿಕೊಂಡಳು. "ಮತ್ತ ಇಲಿ ಕಡದ್ರ ಅದು ನನ್ನ ತಪ್ಪು ಹ್ಯಾಂಗ ಆಕ್ಕೈತಿ? ನಾ ಗುಳಿಗಿ ಕಟ್ಟೀನಿ, ಜಾಗಾ ಬದಲ ಮಾಡೀನಿ. ಆದ್ರೂ ಬರ್ತಾವು. ಎಲ್ಲಾ ಬಿಟ್ಟು ನಮ್ಮ ಗಾಡೀಗೆ ಯಾಕ ಬರ್ತಾವೋ ನನಗ ತಿಳಿವಲ್ದು!"

ಉಡಚವ್ವನಿಗೆ ಮೊಮ್ಮಗಳ ಕಣ್ಣೀರು ನೋಡಲಾಗಲಿಲ್ಲ. ಎದ್ದು ದೇವರ ಕೋಣೆಗೆ ಹೋಗಿ, ಎಳ್ಳಮಾವಾಸ್ಯೆಗೆ ಗಾಡಿಗೆ ಹನ್ನೊಂದು ಕಡಬಿನ ಎಡೆ ಇಡುತ್ತೇನೆ ಎಂದು ಹರಕೆ ಹೊತ್ತಳು.

ರಮಜಾನಸಾಬ ಮತ್ತೆ ವಾಯರ್ ಕೂಡಿಸಿಕೊಟ್ಟಿದ್ದರಿಂದ ಎಳ್ಳಮಾವಾಸ್ಯೆಯ ದಿನ ಕಾರು ಕುದುರೆಯ ಹಾಗೆ ಓಡಿತು. ಬುತ್ತಿಯ ಗಂಟು, ಎಣ್ಣೆಗಾಯಿ, ಸಜ್ಜೆ ರೊಟ್ಟಿ, ಓಣಿಯ ಹೆಂಗಸರು, ಎಲ್ಲವನ್ನೂ ತುಂಬಿಕೊಂಡು ದೇವಿಕಾ ಹೊಲಕ್ಕೆ ಕರೆದೊಯ್ದಳು. ಕಡಲೆ ಹೊಲದ ಸುತ್ತ ಭೂತಾಯಿಗೆಂದು ಬುತ್ತಿಯ ಚರಗ ಚೆಲ್ಲಿದರು, ಬನ್ನಿಗಿಡದ ನೆರಳಲ್ಲಿ ಹೊಟ್ಟೆ ಬಿರಿಯೆ ಉಂಡರು. ಮರುದಿನ ಹುಡುಗಿಯರಿಗೆ ಪರೀಕ್ಷೆ. ಹತ್ತು ಗಂಟೆಗೆ ಒಳಗೆ ಇರದಿದ್ದರೆ ಒಂದು ವರ್ಷ ಹೋದಂತೆಯೇ. "ನಾಳೆ ಎಂಟಕ್ಕ ಬಿಟ್ರ ಒಂಬತ್ತಕ್ಕ ಗಜೇಂದ್ರಗಡ ಮುಟ್ಟತೀನಿ ಆಯಿ, ನೋಡ್ತಿರು!" ಎಂದಳು ದೇವಿಕಾ. ಸಂಜೆ ದೀಪ ಹಚ್ಚುವ ಹೊತ್ತಿಗೆ ಉಡಚವ್ವ ಹನ್ನೊಂದು ಕಡಬುಗಳನ್ನು ಎಣಿಸಿ ಎಣಿಸಿ ಬ್ಯಾಟರಿಯ ಹಿಂದೆ ಜೋಡಿಸಿದಳು. ಒಂದೊಂದು ಕಡಬಿನ ಅಂಚಿಗೂ ಹೆಣಿಕೆ ಹಾಕಿದಂತೆ ನೆರಿಗೆ ಹಿಡಿದಿದ್ದಳು. ಅಂಥ ನೆರಿಗೆ ಊರಲ್ಲಿ ಇನ್ನಾರಿಗೂ ಬರುತ್ತಿರಲಿಲ್ಲ.

ಬೆಳಗ್ಗೆ ಏಳೂವರೆಗೇ ಐದೂ ಹುಡುಗಿಯರು ಬಿಳಿ ಕೋಟು ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ಬಾಯಲ್ಲಿ ಪಾಠ, ಕೈಯಲ್ಲಿ ಪುಸ್ತಕ. ದೇವಿಕಾ ಕುಳಿತು ಕೀಲಿ ತಿರುಗಿಸಿದಳು.

ಟಿಕ್.

ಮತ್ತೆ ತಿರುಗಿಸಿದಳು. ಟಿಕ್ ಟಿಕ್. ಅಷ್ಟೇ.

"ಅಕ್ಕಾ!" ಎಂದು ಜಹೀದಾ ಬಾಯಿಗೆ ಕೈಯಿಟ್ಟುಕೊಂಡಳು. ದೇವಿಕಾ ಅಳಲಿಲ್ಲ, ಫೋನು ಎತ್ತಿದಳು. "ರಮಜಾನ ಕಾಕಾ, ಹ್ಯಾಂಗ ಇದ್ದೀರೋ ಹಂಗ ಬರ್ರಿ. ಲಗೂ ಬರ್ರಿ!" ಎನ್ನುವಷ್ಟರಲ್ಲಿ ಓಣಿಗೆ ಓಣಿಯೇ ಅಂಗಳದಲ್ಲಿ ಸೇರಿತ್ತು. "ಮೂರನೇ ಸಲ ಆತಲ್ಲ" ಎಂದು ಕಳಕವ್ವ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು. ಹಾಲಸಿದ್ದಪ್ಪ ಮೋರೆ ಇಳಿಬಿಟ್ಟು ಬಂದು ಕೈ ಚಾಚಿದ. ದೇವಿಕಾ ಕೀಲಿಯನ್ನು ಅಪ್ಪನ ಅಂಗೈಗೆ ಹಾಕಿದಳು. ಅವನು ಅದನ್ನು ಉಮೇಶನಿಗೆ ಕೊಟ್ಟ. ಉಡಚವ್ವನಿಗೆ ತಲೆಯೇ ಓಡಲಿಲ್ಲ. ಹನ್ನೊಂದು ಕಡಬು ಇಟ್ಟರೂ ಮುನಿದ ಇದೆಂಥ ದೇವರು!

ರೋಣದಿಂದ ರಮಜಾನಸಾಬ ಇಪ್ಪತ್ತು ನಿಮಿಷದಲ್ಲಿ ಬಂದ. ಗಡಿಯಾರ ಎಂಟು ದಾಟಿತ್ತು. ಬೈಕು ನಿಲ್ಲಿಸಿದವನೇ ಬಾನೆಟ್ ಎತ್ತಿದ. ಎತ್ತಿದ್ದೇ ತಡ, ಒಳಗಿನಿಂದ ಬೆಕ್ಕಿನ ಮರಿಯಷ್ಟು ದಪ್ಪನೆಯ ಇಲಿಯೊಂದು ಚಂಗನೆ ನೆಗೆದು ಅವನ ಭುಜದ ಮೇಲಿಂದ ಅಂಗಳಕ್ಕೆ ಬಿತ್ತು! ಹುಡುಗಿಯರು ಕಿಟಾರನೆ ಕಿರುಚಿ ಕಟ್ಟೆ ಹತ್ತಿದರು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು! ಉಮೇಶ ಕಸಬರಿಗೆ ಹಿಡಿದು ಬೆನ್ನಟ್ಟಿದ. ಕಳಕವ್ವ ಸೀರೆ ಮೊಳಕಾಲಿನವರೆಗೆ ಎತ್ತಿಕೊಂಡು, "ಹೊಡೀಲೇ, ಹೊಡೀಲೇ!" ಎಂದು ಕುಣಿದಳು. ಇಲಿಗಳು ಬೇಲಿಯ ಸಂದಿಯಲ್ಲಿ ಮಾಯವಾದವು.

"ಏನ ಮೈ ಬಂದಾವಲೇ ಇವಕ್ಕ!" ಎಂದು ಯಾರೋ ಅಂದರು. ಉಡಚವ್ವನಿಗೂ ಅದೇ ಅನ್ನಿಸಿತ್ತು. ಹೊಲದ ಇಲಿ ಹೀಗಿರುವುದಿಲ್ಲ. ಇವು ಯಾರೋ ಕೂಡಿಸಿ ಉಣಿಸಿದ ಇಲಿಗಳು.

ರಮಜಾನಸಾಬ ಬ್ಯಾಟರಿಯ ಹಿಂದೆ ಕೈ ಹಾಕಿದ. ಹಿಡಿ ತುಂಬ ಚೂರುಚೂರು ಮುತ್ತುಗದ ಎಲೆ, ಹತ್ತಿ, ಅರಿವೆಯ ದಾರ, ಬಣ್ಣಬಣ್ಣದ ವಾಯರಿನ ಸಿಪ್ಪೆ ಹೊರಬಂತು. ಮತ್ತೆ ಕೈ ಹಾಕಿದ. ಈ ಸಲ ಅವನ ಬೆರಳ ನಡುವೆ ಅರ್ಧ ತಿಂದ ಕಡಬು ಇತ್ತು. ಮೇಲೆ ಕುಂಕುಮ. ಅಂಚಿಗೆ ಹೆಣೆದಂಥ ನೆರಿಗೆ.

ಅವನು ಅದನ್ನು ನೋಡಿದ. ಆಮೇಲೆ ತಲೆಯೆತ್ತಿ ಉಡಚವ್ವನನ್ನು ನೋಡಿದ. ತಟ್ಟನೆ ಮುಷ್ಟಿ ಮುಚ್ಚಿ ಕಡಬನ್ನು ಅಂಗಿಯ ಜೇಬಿಗೆ ಸೇರಿಸಿದ.

"ಇಲಿ ಗೂಡ ಕಟ್ಟ್ಯಾವ್ರಿ," ಎಂದ ಗಟ್ಟಿಯಾಗಿ. "ದಪ್ಪನ್ನ ವಾಯರ್ರs ಕಡದಾವು. ಅವಕ್ಕ ಹಲ್ಲ ಬೆಳಕೋತನ ಇರ್ತಾವು, ಏನರ ಕಡದು ಸವಸಬೇಕು. ಇಂಜಿನ್ ಹತ್ರ ಬೆಚ್ಚಗ ಇರ್ತೈತಿ. ಮ್ಯಾಲ ಉಣ್ಣಾಕೂ ಸಿಕ್ರ ಮುಗೀತು, ಬೀಗರ ಮನಿ ಸಿಕ್ಕಂಗ. ಇಪ್ಪತ್ತ ನಿಮಿಷ ಕೊಡ್ರಿ, ಸದ್ಯಕ್ಕ ಕೂಡಿಸಿ ಕೊಡ್ತೀನಿ."

"ಇಲಿ ಎಲ್ಲಾರ ಮನ್ಯಾಗ ಅದಾವ," ಎಂದಳು ಕಳಕವ್ವ. "ನಮ್ಮ ಟ್ರ್ಯಾಕ್ಟರ್ ನಿಂತಿಲ್ಲ, ಗೌಡ್ರ ಜೀಪ್ ನಿಂತಿಲ್ಲ. ಈ ಹುಡುಗಿ ಗಾಡ್ಯಾಗs ಯಾಕ ಬರಬೇಕು? ಉಡಚವ್ವ ಅವತ್ತs ಅಂದಾಳ, ಹೆಣ್ಣಿನ ಕೈ ಆಗಿಬರೂದಿಲ್ಲ ಅಂತ."

ಹಾಲಸಿದ್ದಪ್ಪ ನೆಲ ನೋಡಿದ. "ಮಾತು ಮಾತೇ. ಉಮೇಶ, ಇವತ್ತ ನೀನ ಬಿಟ್ಟ ಬಾ. ನಾಳಿಂದ ಆ ಹುಡುಗೇರು ಬಂದ್ರ ಬರಲಿ, ಬಿಟ್ರ ಬಿಡಲಿ."

ಉಡಚವ್ವನಿಗೆ ಈಗ ತಿಳಿಯಿತು. ಗಾಡಿ ಉಂಡಿರಲಿಲ್ಲ! ಒಂದು ದಿನವೂ ಉಂಡಿರಲಿಲ್ಲ! ಅವಳು ಹೋಗಿ ಕಾರಿನ ಪಕ್ಕ ನಿಂತಳು. ರಮಜಾನಸಾಬ ವಾಯರಿಗೆ ಟೇಪು ಸುತ್ತುತ್ತ, ತಲೆ ಎತ್ತದೆ, ಅವಳಿಗೆ ಮಾತ್ರ ಕೇಳುವಂತೆ ಹೇಳಿದ:

"ನಿಮ್ಮ ಕೈ ಕಡಬು ನನಗ ಗೊತ್ತಿಲ್ಲೇನ್ರಿ ಯವ್ವಾರ. ನಾ ಯಾರ ಮುಂದನೂ ಬಾಯಿ ಬಿಡೂದಿಲ್ಲ. ಇನ್ನ ಮುಂದ ಇಡಬ್ಯಾಡ್ರಿ, ಅಷ್ಟ ಸಾಕು."

ಸುಮ್ಮನಿದ್ದರೆ ಆಯಿತು. ಯಾರಿಗೂ ತಿಳಿಯುತ್ತಿರಲಿಲ್ಲ. ಐವತ್ತು ವರ್ಷ ಈ ಓಣಿಗೆ ಬುದ್ಧಿ ಹೇಳಿದ ಬಾಯಿ ಇದು. ಇವತ್ತು ತೆರೆದರೆ ನಾಳೆ ಮಕ್ಕಳು ಮರಿ ಎಲ್ಲರೂ, "ಕಾರಿಗೆ ಕಡಬು ತಿನ್ನಿಸಿದ ಮುದುಕಿ" ಎಂದು ನಗುತ್ತಾರೆ. ಕಳಕವ್ವ ಬದುಕಿರುವ ತನಕ ಇದನ್ನು ಬಿಡುವುದಿಲ್ಲ. ಅತ್ತ ದೇವಿಕಾ ಐದು ಹುಡುಗಿಯರ ನಡುವೆ ನಿಂತು, "ಹೆದರಬ್ಯಾಡ್ರೆ, ಪರೀಕ್ಷಾಕ್ಕ ಮುಟ್ಟತೀರಿ. ಉಮೇಶ ಮಾಮಾ ಚಲೋ ಹೊಡಿತಾನ" ಎಂದು ಅವರ ಬೆನ್ನು ಸವರುತ್ತಿದ್ದಳು. ತನ್ನ ಕೀಲಿ ಹೋದ ಹೊತ್ತಿನಲ್ಲೂ ಆ ಹುಡುಗಿ ಬೇರೆಯವರಿಗೆ ಧೈರ್ಯ ಹೇಳುತ್ತಿದ್ದಳು. ಉಡಚವ್ವನಿಗೆ ತಡೆಯಲಾಗಲಿಲ್ಲ.

"ನಿಂದರ್ರಿ ಎಲ್ಲಾರೂ!"

ಎಲ್ಲರೂ ಅವಳ ಕಡೆ ತಿರುಗಿದರು.

"ರಮಜಾನಸಾಬ, ಕಿಸೇದಾಗಿಂದು ಹೊರಗ ತಗಿಯಪ್ಪಾ. ತಗಿ ಅಂತೀನಿ!" ಅವನು ಹಿಂದೆ ಮುಂದೆ ನೋಡುತ್ತಲೇ ಕಡಬನ್ನು ತೆಗೆದ. ಉಡಚವ್ವ ಅದನ್ನು ಕಸಿದು ಮೇಲೆ ಹಿಡಿದಳು. "ನೋಡ್ರಿ. ಇದು ನನ್ನ ಕಡಬು. ನಾನ ಇಟ್ಟೀನಿ. ದೀವಳಿಗಿ ಅಮಾಸಿಂದ ಇಡಾಕತ್ತೀನಿ. ಎಲಿ ಖಾಲಿ ಆತು ಅಂದ್ರ ಗಾಡಿ ಉಂಡೈತಿ ಅಂತ ಕುಣದೀನಿ, ಹುಚ್ಚ ಮುದುಕಿ! ಹುಡುಗಿ ಕಟ್ಟಿದ ಗುಳಿಗಿನೂ ನಾನ ಕಿತ್ತ ಒಗದೀನಿ."

"ಯವ್ವಾ..." ಎಂದ ಹಾಲಸಿದ್ದಪ್ಪ.

"ಸುಮ್ನಿರು, ಮುಗಸ್ತೀನಿ. ಗಾಡಿ ಒಮ್ಮೆ ಕೆಟ್ರ ನಾಕ ಇಟ್ಟೆ, ಎರಡ ಸಲ ಕೆಟ್ರ ಹನ್ನೊಂದ ಇಟ್ಟೆ. ನಾ ಇಟ್ಟಷ್ಟೂ ಇಲಿ ಬಂದ್ವು, ಇಲಿ ಬಂದಷ್ಟೂ ನಾ ಇಟ್ಟೆ. ಗಾಡಿ ಆಕಿ ಕೈ ಹತ್ತಿ ಕೆಟ್ಟಿಲ್ಲೋ, ನನ್ನ ಕೈ ಹತ್ತಿ ಕೆಟ್ಟೈತಿ. ಹೆಣ್ಣಿನ ಕೈ ಆಗಿಬರೂದಿಲ್ಲ ಅಂದ ಬಾಯಿನೂ ನಂದs."

"ಆದ್ರೂ ಬೇ, ದೇವರ ಹೆಸರಲೆ ಇಟ್ಟ ಎಡಿ..." ಎಂದು ಕಳಕವ್ವ ಶುರು ಮಾಡಿದಳು.

"ದೇವರ ಹೆಸರ ಹೇಳಿ ಇಲಿ ಸಾಕೀನಿ, ಕಳಕವ್ವಾ! ಕುಣಿಲಾರದಾಕಿ ಅಂಗಳ ಡೊಂಕ ಅಂದ್ಲಂತ. ನಾ ಅದಕ್ಕಿಂತ ಕಡೆ. ನಾನ ಅಂಗಳ ಅಗದು, ತಪ್ಪ ನನ್ನ ಕೂಸಿನ ಮ್ಯಾಲ ಹಾಕೀನಿ."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಉಡಚವ್ವ ಆ ಕಡೆ ತಿರುಗಲಿಲ್ಲ. ಸೊಂಟಕ್ಕೆ ಕೈ ಹಾಕಿ ಕೀಲಿಗೊಂಚಲು ಬಿಚ್ಚಿದಳು. ಕಣಜದ ಕೀಲಿ, ಟ್ರಂಕಿನ ಕೀಲಿ, ದೇವರ ಕೋಣೆಯ ಕೀಲಿ. ಮದುವೆಯಾಗಿ ಬಂದ ಹನ್ನೆರಡನೆಯ ವರ್ಷ ಅತ್ತೆ ಕಟ್ಟಿದ ಗೊಂಚಲು. ಅದನ್ನು ಮಗನ ಮುಂದೆ ಹಿಡಿದಳು.

"ತಪ್ಪ ಮಾಡಿದವರ ಕೀಲಿ ಕಸಗೊಳ್ಳೂದು ನ್ಯಾಯ ಅಲ್ಲೇನ ಹಾಲಸಿದ್ದ? ತಗೋ, ನಂದ ತಗೋ. ಹುಡುಗಿದು ಹುಡುಗಿಗೆ ಕೊಡು."

ಹಾಲಸಿದ್ದಪ್ಪನಿಗೆ ಕೈ ಮುಂದೆ ಬರಲಿಲ್ಲ. ಅವ್ವನ ಸೊಂಟ ಆ ಗೊಂಚಲಿಲ್ಲದೆ ಇದ್ದದ್ದನ್ನು ಅವನು ಎಂದೂ ಕಂಡಿರಲಿಲ್ಲ. ಅವನ ಕಣ್ಣು ತುಂಬಿದವು. ಮೊದಲು ಅಲುಗಾಡಿದವನು ಉಮೇಶ. ಸೀದಾ ದೇವಿಕಾಳ ಹತ್ತಿರ ನಡೆದು ಅವಳ ಅಂಗೈ ಬಿಡಿಸಿ ಕಾರಿನ ಕೀಲಿ ಇಟ್ಟ.

"ತಗೋ ದೇವಿ. ಲಾರಿ ನನ್ನ ಬಿಡೂದಿಲ್ಲ ಕಾಣತೈತಿ. ಲಗೂ ಹೊಂಡು, ಎಂಟೂವರಿ ಆತು."

"ಹೊಡದ ನೋಡವಾ!" ಎಂದು ರಮಜಾನಸಾಬ ಬಾನೆಟ್ ಧಡ್ ಎಂದು ಹಾಕಿದ. ದೇವಿಕಾ ಹಾರಿ ಕುಳಿತು ಕೀಲಿ ತಿರುಗಿಸಿದಳು. ಇಂಜಿನ್ನು ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಆಮೇಲೆ ಗುರ್ರ್ ಎಂದು ಹೊತ್ತಿಕೊಂಡಿತು! ಹುಡುಗಿಯರ ಕೇಕೆಗೆ ಮನೆಯ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಐವರೂ ಒಳಗೆ ತೂರಿಕೊಂಡರು. ದೇವಿಕಾ ಪಕ್ಕದ ಬಾಗಿಲು ತೆರೆದು ಕೂಗಿದಳು:

"ಆಯಿ, ಹತ್ತು!"

"ನಾ ಯಾಕ ಬೇ?"

"ನಿನ್ನ ಮನ್ಯಾಗ ಬಿಟ್ಟು ಹೋದ್ರ ಮತ್ತೇನರ ಇಟ್ಟಗಿಟ್ಟೀ! ಹತ್ತು ಲಗೂ!"

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಉಡಚವ್ವನೂ ಅಳುತ್ತಲೇ ನಕ್ಕು, ಕೀಲಿಗೊಂಚಲನ್ನು ಸೊಸೆ ಕವಿತಾಳ ಕೈಗೆ ತುರುಕಿ, ಸೆರಗು ಸಿಕ್ಕಿಸಿಕೊಂಡು ಹತ್ತಿದಳು.

ರೋಣ ದಾಟುತ್ತಲೇ ದಾರಿ ಹಾವಿನಂತೆ ಕರಿನೆಲದ ನಡುವೆ ಬಿಚ್ಚಿಕೊಂಡಿತು. ಎರಡೂ ಕಡೆ ಕಡಲೆ, ಕುಸುಬೆ. ಹಿಂದೆ ಹುಡುಗಿಯರು ಮೂಳೆಗಳ ಹೆಸರು ಜೋರಾಗಿ ಒದರುತ್ತಿದ್ದರು. ಎದುರು ಬಂದ ಬಸ್ಸಿಗೆ ದಾರಿ ಕೊಟ್ಟು, ಎತ್ತಿನ ಬಂಡಿಯನ್ನು ನಯವಾಗಿ ದಾಟಿ, ತಗ್ಗು ಬಂದಲ್ಲಿ ತಗ್ಗಿ ದೇವಿಕಾ ಓಡಿಸುತ್ತಿದ್ದಳು. ಉಡಚವ್ವ ದಾರಿಯನ್ನು ನೋಡಲಿಲ್ಲ. ಸ್ಟೇರಿಂಗಿನ ಮೇಲಿನ ಆ ಎರಡು ಕೈಗಳನ್ನೇ ನೋಡುತ್ತ ಕುಳಿತಳು.

"ನನ್ನ ಮ್ಯಾಲ ಸಿಟ್ಟ ಐತೇನ ದೇವಿ?"

"ಐತಿ. ಭಾಳ ಐತಿ," ಎಂದಳು ದೇವಿಕಾ ಕಣ್ಣು ದಾರಿಯಿಂದ ತೆಗೆಯದೆ. "ಇವರ ಪರೀಕ್ಷಾ ಮುಗೀಲಿ, ಆಮ್ಯಾಲ ಕುಂತ ಜಗಳಾಡತೀನಿ."

"ಆಡವಾ. ಆಡಬೇಕು," ಎಂದಳು ಉಡಚವ್ವ.

ಗಜೇಂದ್ರಗಡದ ಕಾಲೇಜಿನ ಗೇಟಿನಲ್ಲಿ ಕಾರು ನಿಂತಾಗ ಹತ್ತಕ್ಕೆ ಹದಿನೈದು ನಿಮಿಷವಿತ್ತು. ಬಿಳಿ ಕೋಟುಗಳು ಓಡಿದವು. ಜಹೀದಾ ಅರ್ಧ ದಾರಿಗೆ ಹೋದವಳು ತಿರುಗಿ ಬಂದು ಕಿಟಕಿಯಲ್ಲಿ ಕೈ ಹಾಕಿ ಅಜ್ಜಿಯ ಕೆನ್ನೆ ಹಿಂಡಿ ಓಡಿದಳು.

ಆಮೇಲಿನ ದಿನಗಳಲ್ಲಿ ಕಾರಿನ ಕಾವಲು ಉಡಚವ್ವನದೇ ಆಯಿತು. ರಮಜಾನಸಾಬ ಗಾಳಿ ಹೋಗುವ ಕಿಂಡಿಗಳಿಗೆಲ್ಲ ಸಣ್ಣ ಕಣ್ಣಿನ ಜಾಳಿಗೆ ಕೂಡಿಸಿದ. ಕಾರು ಮನೆಯಲ್ಲಿದ್ದಾಗ ಅವಳೇ ಬಾನೆಟ್ ಎತ್ತಿ ಬೆಳಕು ಬೀಳಲು ಬಿಡುತ್ತಿದ್ದಳು, ಸುತ್ತ ಒಂದು ಕಾಳು ಬಿದ್ದಿದ್ದರೂ ಆರಿಸುತ್ತಿದ್ದಳು. ಹೊಗೆಸೊಪ್ಪಿನ ಎಲೆ ಕಟ್ಟಿದಳು. ಯಾರೋ ಇಲಿಪಾಷಾಣ ಇಡಲು ಹೇಳಿದಾಗ, "ಸತ್ತ ಇಲಿ ತಿಂದು ಓಣಿ ಬೆಕ್ಕು ಸಾಯಬೇಕೇನ? ಬೆಕ್ಕ ಇದ್ರ ಇಲಿ ಬರೂದಿಲ್ಲೋ ತಮ್ಮಾ" ಎಂದು ಗದರಿಸಿ ಕಳಿಸಿದಳು. ಮಕ್ಕಳು ಅವಳನ್ನು ಕಡಬಿನಾಯಿ ಎಂದು ಕರೆಯತೊಡಗಿದ್ದು ನಿಜ. ಕರೆದರೆ ಓ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಕಳಕವ್ವ ಕಟ್ಟೆಗೆ ಬಂದಳು. ಮೋರೆ ಗಂಟಿಕ್ಕಿತ್ತು. ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಅವಳ ಹೊಸ ಸೊಸೆ ನೀಲಾ, ಸೆರಗು ಹಿಂಡುತ್ತ ನಿಂತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

"ಉಡಚವ್ವಾ, ಮೊನ್ನಿಂದ ನಮ್ಮ ಟ್ರ್ಯಾಕ್ಟರ್ ಚಾಲೂನ ಆಗವಲ್ದು. ಆರ ವರ್ಷ ಒಂದ ದಿನ ನಿಂತಿದ್ದಿಲ್ಲ. ಇಕಿ ಹೊಸ್ತಿಲ ದಾಟಿ ಬಂದ ಎಂಟನೇ ದಿನಕ್ಕ ನಿಂತೈತಿ. ನೀನ ಹೇಳವಾ, ಇಕಿ ಕಾಲ್ಗುಣ ಹ್ಯಾಂಗ ಐತಿ?"

ಉಡಚವ್ವ ಕಟ್ಟೆಯಿಂದ ಇಳಿದು ಚಪ್ಪಲಿ ಮೆಟ್ಟಿದಳು. ನೀಲಾಳ ಕೈ ಹಿಡಿದುಕೊಂಡು ಸೀದಾ ಕಳಕವ್ವನ ಅಂಗಳಕ್ಕೆ ನಡೆದಳು. ಬಿರಬಿರನೆ ನಡೆದ ಆ ಮುದುಕಿಯ ಹಿಂದೆ ಕಳಕವ್ವ ಏದುಸಿರು ಬಿಡುತ್ತ ಬಂದಳು. ಟ್ರ್ಯಾಕ್ಟರಿನ ಮುಂದೆ ನಿಂತು ಉಡಚವ್ವ ಹೇಳಿದಳು:

"ಮದ್ಲ ಇದರ ಬಾನೆಟ್ ಎತ್ತಿ ನೋಡೂಣು. ಒಳಗ ಏನೂ ಇರಲಿಲ್ಲಂದ್ರ, ಆಮ್ಯಾಲ ಹುಡುಗಿ ಕಾಲ ನೋಡಾಕ ನಾನ ಬರ್ತೀನಿ. ನೀಲಾ, ಆ ಕಡೆ ಹಿಡಿಯವಾ."

ನೀಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಇಬ್ಬರೂ ಸೇರಿ ಎತ್ತಿದರು.